ಒಂದು ಕಿಡಿಯೂ ತಪ್ಪಬಾರದು

ದೋಹಾ ಪಕ್ಕದ ಮುಐದರಿನಲ್ಲಿ ನಮ್ಮ ನೆರೆಮನೆಯ ಕಾಕ, ಒಬ್ಬ ಕತಾರಿ ಶ್ರೀಮಂತರ ನೂರು ವರ್ಷ ಹಳೆಯ ಕಾರುಗಳಿಗೆ ತರಿಸಿದ, ಇಂಜಿನ್ನಿಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್‌ಗಳನ್ನು ಪರೀಕ್ಷಿಸುತ್ತಿದ್ದರು. ತಣ್ಣಗಿರುವಾಗ ಎಲ್ಲ ಕಾಯಿಲೂ ಒಳ್ಳೆಯದೇ ಎಂಬುದು ಅವರ ದೂರು. ಹಾಗಾಗಿ ಆಗಸ್ಟಿನಲ್ಲೂ ಗ್ಯಾರೇಜಿನ ಎ.ಸಿ. ಆರಿಸಿ, ಕಾಯಿಲ್ ಸುಡುವಷ್ಟು ಕಾಯುವವರೆಗೆ ಕಿಡಿ ಹಾರಿಸುತ್ತ ಕೂರುತ್ತಿದ್ದರು. ಒಂದು ಕಿಡಿ ತಪ್ಪಿದರೂ ಮಾಲು ವಾಪಸ್. ಏನು ಕೇಳಿದರೂ ಒಂದೇ ಉತ್ತರ: "ಬಿಸಿಯಾಗಲಿ, ಮತ್ತೆ ಮಾತಾಡುವ."

ಕಾಯಿಲ್ ಪೂರೈಸುತ್ತಿದ್ದ, ಇಲ್ಲೇ ತಾಯಿಯ ಜೊತೆಗಿದ್ದ ಮಂಗಳೂರಿನ ಹುಡುಗನಿಗೆ ಕಾಕನ ಮಗಳ ಮೇಲೆ ಮನಸ್ಸಿತ್ತು. ಒಂದು ಮಧ್ಯಾಹ್ನ ಅವನು ಹೊಸ ಕಾಯಿಲನ್ನೂ ಮದುವೆಯ ಮಾತನ್ನೂ ಒಟ್ಟಿಗೇ ತಂದ. ನಾನೂ ಅಲ್ಲಿದ್ದೆ.

"ಕಾಕ, ಒಂದು ವಿಷಯ ಹೇಳಲಿಕ್ಕುಂಟು."

"ಬಿಸಿಯಾಗಲಿ."

ಎ.ಸಿ. ಆರಿತು. ಹುಡುಗನ ಇಸ್ತ್ರಿ ಮಾಡಿದ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಮಾಲು ಫೇಲಾದರೆ ಹೆಣ್ಣು ಕೇಳುವುದು ಹೇಗೆಂದು ಅವನು ಕಿಡಿಯ ಮೇಲಿಂದ ಕಣ್ಣು ತೆಗೆಯಲಿಲ್ಲ. ಕಾಕ ನೀರಿನ ಬಾಟಲಿಗಾಗಿ ಅತ್ತ ತಿರುಗಿದ್ದೇ ತಡ, ಕಿಡಿ ಒಮ್ಮೆ ತಪ್ಪಿತು.

ಹುಡುಗನೇ ಹೇಳಿದ: "ಕಾಕ, ಈಗ ಒಂದು ತಪ್ಪಿತು."

"ನಿನ್ನದೇ ಮಾಲಲ್ವಾ ಮಾರಾಯ?"

"ಹೌದು ಕಾಕ."

ಕಾಕ ನಿಧಾನವಾಗಿ ನೀರು ಕುಡಿದು ಸ್ವಿಚ್ ಆರಿಸಿದರು.

"ಖಲಾಸ್, ಕಾಯಿಲ್ ವಾಪಸ್ ತಗೊಂಡು ಹೋಗು. ಶುಕ್ರವಾರ ನಿನ್ನ ಉಮ್ಮನನ್ನು ಕರ್ಕೊಂಡು ಊಟಕ್ಕೆ ಬಾ, ನಿನ್ನ ಆ ವಿಷಯ ಮಾತಾಡುವ."