ಒಪ್ಪತ್ತಿನ ನಾಯಿ

ನಮ್ಮ ಅತ್ತೆ ಶ್ರಾವಣ ತಿಂಗಳಿಡೀ ಒಪ್ಪತ್ತು ಮಾಡುತ್ತಾರೆ. ಹಗಲೆಲ್ಲ ಬರೀ ಚಹಾ, ಊಟವೇನಿದ್ದರೂ ಸಂಜೆ ಲಿಂಗಪೂಜೆ ಮುಗಿದ ಮೇಲೆ. ಕೆಲವು ವರ್ಷಗಳಿಂದ ಮನೆಯ ನಾಯಿಯೂ ಅವರ ಜೊತೆ ಒಪ್ಪತ್ತು ಹಿಡಿದಿತ್ತು. ಉಳಿದ ತಿಂಗಳುಗಳಲ್ಲಿ ಅತ್ತೆಯ ನಾಷ್ಟಾ ಮುಗಿಯುವುದೇ ತಡ, ತನ್ನ ಬಟ್ಟಲು ನೆಕ್ಕಿ ಮಿಂಚಿಸುವ ಪ್ರಾಣಿ ಅದು. ಶ್ರಾವಣ ಬಂತೆಂದರೆ ಬೆಳಗಿನ ರೊಟ್ಟಿಯನ್ನು ಮೂಸಿ ನೋಡಿ ಪಕ್ಕಕ್ಕೆ ಸರಿಯುತ್ತಿತ್ತು.

ಅತ್ತೆಗೆ ಹಿಡಿಸಲಾರದಷ್ಟು ಹೆಮ್ಮೆ. “ಹೋದ ಜನ್ಮದಾಗ ಯಾರೋ ಶರಣ ಇದ್ದನವಾ ಇಂವ,” ಎಂದು ವಡಗಾವಿಯ ನಮ್ಮ ಓಣಿಗೆಲ್ಲ ಹೇಳಿ ಬಂದಿದ್ದರು. ಮಗ್ಗದ ಮನೆಗಳ ಹೆಂಗಸರು ನೋಡಲು ಬಂದರೆ ಶರಣರು ಹೊಸ್ತಿಲ ಬಳಿ ಕಾಲು ಚಾಚಿ ಮಲಗಿರುತ್ತಿದ್ದರು.

ಈ ಸಲದ ಶ್ರಾವಣಕ್ಕೆ ನಾಯಿಗೆ ಮುಪ್ಪು ಬಂದಿತ್ತು. ಕಣ್ಣಿಗೆ ಪೊರೆ, ಮೆಟ್ಟಿಲು ಇಳಿಯಲೂ ಹಿಂದೆಮುಂದೆ ನೋಡುತ್ತಿತ್ತು. “ಮುಂಜಾನಿ ಸ್ವಲ್ಪ ಹಾಲನ್ನ ತಿನಸೂಣ್ರಿ ಅತ್ಯಾರ,” ಎಂದರೆ, “ಅದರ ವ್ರತ ಕೆಡಸಬ್ಯಾಡ,” ಎಂದರು. ಆ ಸೋಮವಾರ ಸಂಜೆ ಅತ್ತೆ ಗೋದಿ ಹುಗ್ಗಿ ಮಾಡಿದ್ದರು. ದಿನವಿಡೀ ಖಾಲಿ ಇದ್ದ ನಾಯಿಯ ಹೊಟ್ಟೆಗೆ ತುಪ್ಪ ಸುರಿದು ಸುರಿದು ತಿನ್ನಿಸಿದರು.

ರಾತ್ರಿ ನಾಯಿಯ ಓಕರಿಕೆಯ ಸದ್ದಿಗೆ ನನಗೆ ಎಚ್ಚರವಾಯಿತು. ಮೊದಲು ಹುಗ್ಗಿ ಬಂತು, ಆಮೇಲೆ ಹಳದಿ ನೊರೆ, ಆಮೇಲೆ ಏನೂ ಇಲ್ಲ, ಆದರೂ ಹೊಟ್ಟೆ ಹಿಂಡುತ್ತಲೇ ಇತ್ತು. ಪಡಸಾಲೆ ತುಂಬ ಭೇದಿ. ಎದ್ದು ನಿಲ್ಲಲು ಹೋಗಿ ಅದರಲ್ಲೇ ಜಾರಿ ಬಿತ್ತು. ಗಂಡನಿಗೆ ಲೋಂಡಾ ರೈಲ್ವೆ ಸ್ಟೇಷನ್ನಿನಲ್ಲಿ ರಾತ್ರಿಪಾಳಿ. ಊರಿನ ಪಶುವೈದ್ಯರ ಫೋನು ಸ್ವಿಚ್ ಆಫ್. ಕೊನೆಗೆ ಗಂಡನೇ ಖಾನಾಪುರದಲ್ಲಿದ್ದ ತನ್ನ ಗೆಳೆಯ, ದನದ ಡಾಕ್ಟರಿಗೆ ಫೋನ್ ಹಚ್ಚಿಸಿಕೊಟ್ಟ.

“ತುಟಿ ಎತ್ತಿ ಒಸಡು ನೋಡ್ರಿ. ಹ್ಯಾಂಗ ಅದಾವು?”

ಟಾರ್ಚ್ ಬಿಟ್ಟು ನೋಡಿದೆ. “ಬೆಳ್ಳಗ ಆಗ್ಯಾವ್ರಿ.”

“ತಡಾ ಮಾಡಬ್ಯಾಡ್ರಿ. ಕರಕೊಂಡ ಬರ್ರಿ.”

ಮಳೆ ಹೊಡೆಯುತ್ತಿತ್ತು. ನಾಯಿಯನ್ನು ಕೌದಿಯಲ್ಲಿ ಸುತ್ತಿ ಹಿಂದಿನ ಸೀಟಿನಲ್ಲಿ ಅತ್ತೆಯ ತೊಡೆಯ ಮೇಲೆ ಮಲಗಿಸಿ ಕಾರು ಬಿಟ್ಟೆ. ಅತ್ತೆ ಓಂ ನಮಃ ಶಿವಾಯ ಎನ್ನುತ್ತಲೇ ಇದ್ದರು. ನನ್ನ ಸಿಟ್ಟು ನೆತ್ತಿಗೇರಿತ್ತು. “ಅದಕ್ಕ ಮಂತ್ರ ಬೇಕಿರಲಿಲ್ರಿ, ಅನ್ನ ಬೇಕಿತ್ತು,” ಎಂದುಬಿಟ್ಟೆ. ಅವರು ಬಾಯಿ ಮುಚ್ಚಿದರು. ಸ್ವಲ್ಪ ಹೊತ್ತಿಗೆ ನಾಯಿಯ ಓಕರಿಕೆಯೂ ನಿಂತಿತು. ಆ ಸದ್ದು ಕೇಳುತ್ತಿದ್ದಾಗಲೇ ವಾಸಿಯಿತ್ತು ಅನ್ನಿಸಿತು.

“ಉಸಿರ ಐತೇನ್ರಿ?”

ಅತ್ತೆ ಅದರ ಮೂಗಿಗೆ ಕೈ ಹಿಡಿದು ನೋಡಿದರು. “ಐತಿ. ನೀ ಮುಂದ ನೋಡಿ ಹೊಡಿ,” ಎಂದರು.

ಖಾನಾಪುರ ಮುಟ್ಟಿದೊಡನೆ ಡಾಕ್ಟರು ತಮ್ಮ ಮನೆಯ ಪಡಸಾಲೆಯಲ್ಲೇ ಇಂಜೆಕ್ಷನ್ ಕೊಟ್ಟು ಸಲೈನ್ ಹಚ್ಚಿದರು. ಏನು ತಿಂದಿತ್ತೆಂದು ಕೇಳಿದರು, ನಾನು ಹೇಳಿದೆ. ಅವರು ಅತ್ತೆಯ ಕಡೆ ನೋಡಲಿಲ್ಲ. “ವಯಸ್ಸಾದ ಜೀವ. ಹೊಟ್ಟಿ ಖಾಲಿ ಇಡಬಾರದ್ರಿ, ಒಮ್ಮೆಲೆ ತುಂಬಲೂಬಾರದು. ಬೆಳಗಾದ ಮ್ಯಾಲೆ ತೆಳ್ಳಗ ಗಂಜಿ ಕೊಡೂಣು. ಅದು ತಾನಾಗೇ ತಿಂದು ದಕ್ಕಿಸಿಕೊಂಡ್ರ ಗೆದ್ದಂಗ. ಬಾಯಿ ಮುಟ್ಟಲಿಲ್ಲಂದ್ರ…” ಎಂದು ಅಲ್ಲಿಗೇ ಬಿಟ್ಟರು.

ಬೆಳಗಾಯಿತು. ಅವರ ಹೆಂಡತಿ ಅಕ್ಕಿಗಂಜಿ ಕಾಯಿಸಿ ಆರಿಸಿ ತಂದರು. ನಾಯಿ ಕಣ್ಣು ತೆರೆದಿತ್ತು. ಬಟ್ಟಲನ್ನು ಮೂಗಿನ ಹತ್ತಿರ ಒಯ್ದೆ. ಮೂಸಿತು, ಮುಖ ತಿರುಗಿಸಿತು. ಬೆರಳಿಗೆ ಹಚ್ಚಿಕೊಂಡು ತುಟಿಗೆ ಒರೆಸಿದೆ. ಬಾಯಿ ಬಿಡಲಿಲ್ಲ. ಮುಗಿಯಿತು ಅಂದುಕೊಂಡೆ. ಪರರ ಮನೆ ಎಂಬುದನ್ನೂ ಮರೆತು ಅತ್ತುಬಿಟ್ಟೆ.

ರಾತ್ರಿಯಿಂದ ಗೋಡೆಗೆ ಒರಗಿ ಕುಳಿತೇ ಇದ್ದ ಅತ್ತೆ ಆಗ ಮುಂದೆ ಸರಿದರು. “ಇಂವ ನನ್ನ ಮಾರಿ ನೋಡಾಕತ್ತಾನ ನೋಡು,” ಎಂದರು. ಖರೇ ಇತ್ತು. ಪೊರೆ ಬಂದ ಆ ಕಣ್ಣು ಗಂಜಿಯ ಮೇಲಿರಲಿಲ್ಲ, ಅತ್ತೆಯ ಬಾಯಿಯ ಮೇಲಿತ್ತು.

ಸ್ನಾನವಾಗಿರಲಿಲ್ಲ, ಪೂಜೆಯಾಗಿರಲಿಲ್ಲ. ಅತ್ತೆ ನನ್ನ ಕೈಯಿಂದ ಆ ಬಟ್ಟಲನ್ನೇ ತೆಗೆದುಕೊಂಡರು. ನಾಯಿ ಮೂಸಿಬಿಟ್ಟ ಗಂಜಿಯಲ್ಲಿ ಬೆರಳದ್ದಿ ತಮ್ಮ ಬಾಯಿಗೆ ಇಟ್ಟುಕೊಂಡರು. ಅದಕ್ಕೆ ಕಾಣಲೆಂದು ಮುಖ ಹತ್ತಿರ ತಂದು ನುಂಗಿದರು. ಆಮೇಲೆ ಮತ್ತೆ ಬೆರಳದ್ದಿ ಅದರ ಮುಂದೆ ಹಿಡಿದರು. ನಾಯಿ ನಾಲಿಗೆ ಚಾಚಿತು.

ಎರಡನೆಯ ಬೆರಳು, ಮೂರನೆಯದು. “ಇಷ್ಟ ವರ್ಷ ನಾ ಉಂಡಿಲ್ಲಂತ ಕುಂತಿತ್ತವಾ ಇದು,” ಎಂದರು ಅತ್ತೆ. ಕೌದಿಯ ತುದಿಯಿಂದ ಕಣ್ಣೊರೆಸಿಕೊಂಡರು.

ಗಂಜಿ ದಕ್ಕಿತು. ಊರಿಗೆ ಮರಳಿದ ಮೇಲೆ ಶ್ರಾವಣದ ಮಧ್ಯದಲ್ಲೇ ಬೆಳಿಗ್ಗೆ ಹೊಸ್ತಿಲಲ್ಲಿ ನಾಯಿಯ ಎದುರು ಕುಳಿತು ಹಾಲನ್ನ ಉಣ್ಣುತ್ತಿದ್ದ ಅತ್ತೆಯನ್ನು ಕಂಡು ಪಕ್ಕದ ಮನೆಯಾಕೆ ಕೇಳಿದಳು, “ಏನ್ರಿ, ನಿಮ್ಮ ನಾಯಿ ಒಪ್ಪತ್ತ ಬಿಟ್ಟಿತೇನ್ರಿ?”

“ನಾ ಬಿಟ್ಟೆ,” ಎಂದರು ಅತ್ತೆ, ಇನ್ನೊಂದು ತುತ್ತು ಕಲಸುತ್ತ.