ಘಾಟಬೋರಾಳಕ್ಕೆ ಬಂದ ದ್ವೀಪದಜ್ಜಿ

ಹುಮನಾಬಾದಿನ ಮೊದಲ ಬಸ್ಸು ಇನ್ನೂ ಬಂದಿಲ್ಲ. ಘಾಟಬೋರಾಳದ ಈ ಮನೆಯಲ್ಲಿ, ಜೋಳದ ಚೀಲಗಳ ನಡುವೆ, ಮನೀಷಾ ಕಿವಿಗೆ ಹೆಡ್‌ಫೋನ್ ಹಾಕಿ ಕಣ್ಣು ಮುಚ್ಚಿ ಕೂತಿದ್ದಾರೆ. ಹೊರಗಿನ ಗದ್ದಲವನ್ನು ಚೀಲಗಳು ನುಂಗುತ್ತವೆ. ಕಿವಿಯೊಳಗೆ ಸಮುದ್ರದಾಚೆಯ ಒಬ್ಬ ಅಜ್ಜಿ ಮಾತಾಡುತ್ತಿದ್ದಾರೆ.

ಅದು ಪೆಸಿಫಿಕ್ ಸಾಗರದ ಪುಟ್ಟ ದ್ವೀಪ. ಅಲ್ಲಿನ ಭಾಷೆ ಆಡುವವರು ಇಲ್ಲಿಯ ಒಂದು ಓಣಿಯಷ್ಟು ಮಂದಿ. ಅಜ್ಜಿ ಹೇಳಿದ ಕತೆಗಳನ್ನು ಭಾಷಾತಜ್ಞರು ಹಿಂದೆಯೇ ಧ್ವನಿಮುದ್ರಿಸಿದ್ದಾರೆ, ಈಗ ಒಂದೊಂದಕ್ಕೇ ಅರ್ಥ ಬರೆದು ಕಳಿಸುತ್ತಾರೆ. ಅವನ್ನು ವಾಕ್ಯ ವಾಕ್ಯವಾಗಿ ಬಿಡಿಸಿ, ಉಚ್ಚಾರ ಗುರುತಿಸಿ, ಹೈದರಾಬಾದಿನ ಕಂಪನಿಗೆ ಒಪ್ಪಿಸುವುದು ಮನೀಷಾರ ಕೆಲಸ. ಒಂದು ನಿಮಿಷದ ಮಾತಿಗೆ ಮುಕ್ಕಾಲು ತಾಸು. ಸಿದ್ಧವಾದ ಕತೆಗಳು ದ್ವೀಪದ ಶಾಲೆಗೆ ಮರಳುತ್ತವೆ.

ಚಿಕ್ಕಂದಿನಲ್ಲಿ, ಬಸವಕಲ್ಯಾಣದಲ್ಲಿ, ಮನೀಷಾರನ್ನು ಅಜ್ಜ ಬಕ್ಕಪ್ಪ ನಸುಕಿನಲ್ಲೇ ಎಬ್ಬಿಸಿ ವಚನ ಹೇಳಿಸುತ್ತಿದ್ದರು. ಒಂದು ದೀರ್ಘಸ್ವರ ಜಾರಿದರೂ ಮತ್ತೆ ಮೊದಲಿನಿಂದ. ಆ ಕಿವಿಯೇ ಈಗ ಅನ್ನ ಕೊಡುತ್ತಿದೆ.

"'ನಾವು' ಅನ್ಲಿಕ್ಕ ಅವರಿಗಿ ಎರಡು ಮಾತ್ ಅವ್ರಿ. ಕೇಳಾವ್ರನ್ನ ಕೂಡಿಸ್ಕೊಂಡ್ರ ಒಂದು, ಬಿಟ್ರ ಇನ್ನೊಂದು. ನಮ್ ಬಾಜೂಕ ಮರಾಠ್ಯಾಗ ಆಪಣ, ಆಮ್ಹಿ ಇಲ್ಲೇನ್ರಿ? ಹಂಗೇ," ಎನ್ನುತ್ತಾರೆ ಮನೀಷಾ. "ತಿನ್ನೋ ಕಾಯಿಗಿ ಒಂದು 'ನನ್ನ', ಕುಡಿಯೋ ಎಳನೀರಿಗಿ ಬ್ಯಾರೆ 'ನನ್ನ'. ಕೈ, ಕಣ್ಣು, ಅವ್ವ ಅಂದ್ರ 'ನನ್ನ' ಅನ್ನೋದು ಅದಕ್ಕೇ ಅಂಟ್ಕೊಂಡು ಬರ್ತದ."

ಬಾಗಿಲಲ್ಲಿ ನಿಂತ ತಾಯಿ ಭಾಗಮ್ಮ ಬಿಡುತ್ತಾರೆಯೇ? "ಹೌದೇನವ್ವಾ? ಅವ್ವಗ ಅಂಟ್ಕೊಂಡಾಕಿ ಒಲಿ ಕಡಿ ಯಾಕ ಬರವಲ್ಲಿ?"

ಮೊದಲ ಕತೆಯಲ್ಲೇ ಮನೀಷಾ ಎಡವಿದ್ದರು. ಅಜ್ಜಿಯ ಪ್ರತಿ ಸಾಲಿನ ಹಿಂದೆ ಇನ್ನೊಂದು ಮುದಿದನಿ 'ಮ್ಮ್' ಎನ್ನುತ್ತಿತ್ತು. ಕತೆಗಾರರ ದನಿಯೊಂದನ್ನೇ ಉಳಿಸಬೇಕು ಎಂಬುದು ಕಂಪನಿಯ ನಿಯಮ. ಅಳಿಸಿಬಿಟ್ಟರು. ಅಂದು ಸಂಜೆ ಭಾಗಮ್ಮ, ನೆರೆಮನೆಯ ರುಕ್ಮಿಣಿಬಾಯಿಯ ಎಮ್ಮೆ ಹಗ್ಗ ಹರಿದುಕೊಂಡು ಓಡಿದ ಕತೆ ಹೇಳುತ್ತಿದ್ದವರು ನಡುವೆಯೇ ನಿಂತರು.

"ಹೂಂ ಅನ್ನಬಾರದೇನ? ನಾ ಏನ್ ಗ್ವಾಡಿಗಿ ಹೇಳಾಕತ್ತೀನಿ?"

ಮನೀಷಾರಿಗೆ ಆಗ ಹೊಳೆಯಿತು. ತಾನು ಅಳಿಸಿದ್ದು ಗದ್ದಲವನ್ನಲ್ಲ, ಕತೆ ಕೇಳುತ್ತಿದ್ದವರನ್ನು. ಮೂಲ ಧ್ವನಿಮುದ್ರಣದಿಂದ ಒಂದೊಂದೇ 'ಮ್ಮ್' ತಂದು ಅದರದರ ಜಾಗದಲ್ಲಿ ಕೂರಿಸಿ, ಕಾರಣ ಬರೆದು ಕಳಿಸಿದರು. ನಿಯಮ ಮೀರಿದ್ದಕ್ಕೆ ಕೆಲಸ ಹೋದೀತೆಂಬ ಅಳುಕು ಬಹಳ ದಿನ ಕಾಡಿತು.

ಕೊನೆಗೆ ಉತ್ತರ ಬಂದದ್ದು ದ್ವೀಪದಿಂದಲೇ. ಆ ದನಿ ಅಜ್ಜಿಯ ತಂಗಿಯದು. ಆಕೆ ಈಗಿಲ್ಲ. ಆಕೆಯ ದನಿ ಉಳಿದಿರುವುದು ಈ ಕತೆಗಳಲ್ಲಿ ಮಾತ್ರ, ಅದನ್ನು ಎಲ್ಲೂ ತೆಗೆಯಬೇಡಿ ಎಂದಿದ್ದರು ಅಜ್ಜಿಯ ಮನೆಯವರು. ಕಂಪನಿ ನಿಯಮ ಬದಲಿಸಿತು, ಮನೀಷಾರನ್ನು ಉಳಿಸಿಕೊಂಡಿತು.

ಹೊರಗೆ ಬಸ್ಸಿನ ಹಾರ್ನ್ ಕೇಳುತ್ತದೆ. ಮನೀಷಾ ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಳ್ಳುತ್ತಾರೆ.

"ತಂಗಿ ಹೋದ ಮ್ಯಾಲ ಅಜ್ಜಿ ಕತಿ ಹೇಳೋದೇ ಬಿಟ್ಟಾರಂತ್ರಿ. ಒಮ್ಮೆ ಅಲ್ಲಿಗಿ ಹೋಗಿ ಅವರ ಮುಂದ ಕುಂತು ಹೂಂ ಅನ್ನಬೇಕ್ರಿ. ಅವರ ಭಾಷಾದಾಗ ಅಷ್ಟಂತೂ ನನಗ ಛಂದ ಬರ್ತದ."