ಮುನಿಯಕ್ಕನ ಹನ್ನೊಂದು ನಿಮಿಷ

ಮುನಿಯಕ್ಕ ಒಲೆಯ ಮೇಲೆ ಕುಕ್ಕರ್ ಇಟ್ಟರೆ ಮೊದಲ ಹಬೆ ಏಳುವವರೆಗೆ ಅದನ್ನೇ ನೋಡುತ್ತಾಳೆ. ಹಬೆ ಕಂಡ ಕೂಡಲೇ ಉರಿ ಸಣ್ಣದು ಮಾಡಿ, ತಿರುಗಿ ಗೋಡೆಯ ಗಡಿಯಾರದ ಎದುರು ಕೂರುತ್ತಾಳೆ. ತೊಗರಿಬೇಳೆಗೆ ಐದು ನಿಮಿಷ, ಅವರೆಕಾಳಿಗೆ ಎಂಟು, ಹುರಳಿಗೆ ಹದಿನೈದು. ಎಷ್ಟು ವಿಶಲ್ ಆಯಿತು ಎಂದು ಕೇಳಿದರೆ ಮಾತ್ರ ಅವಳಿಗೆ ಗೊತ್ತಿರುವುದಿಲ್ಲ. ವಿಶಲ್ ಅವಳ ಕಿವಿಗೆ ಬೀಳುವುದೇ ಇಲ್ಲ.

ಸಿಂಗಸಂದ್ರದಲ್ಲಿ ಅವಳ ಮನೆ ನನ್ನ ಮನೆಯ ಪಕ್ಕದ್ದು. ನಾವಿಬ್ಬರೂ ಒಂದೇ ಕಂಪನಿಯಲ್ಲಿ ಕೆಲಸಕ್ಕಿದ್ದೇವೆ, ಒಂದೇ ಟೆಂಪೋದಲ್ಲಿ ಹೋಗಿ ಬರುತ್ತೇವೆ. ಅವಳದು ಪ್ರಯೋಗಕ್ಕೆ ಬಳಸುವ ಗಾಜಿನ ಪಾತ್ರೆ ತೊಳೆಯುವ ಕೆಲಸ, ನನ್ನದು ಸಣ್ಣ ಶೀಶೆಗಳಿಗೆ ಚೀಟಿ ಅಂಟಿಸುವ ಕೆಲಸ. ಆದ್ದರಿಂದ ಇಲ್ಲಿ ಬರೆಯುವುದರಲ್ಲಿ ಬಹುಪಾಲು ನಾನು ಕಣ್ಣಾರೆ ಕಂಡದ್ದು.

ಅವಳ ಕಿವಿ ಹೋದದ್ದು ಪೀಣ್ಯದಲ್ಲಿ. ರಾಜಗೋಪಾಲನಗರದ ಒಂಟಿ ಕೋಣೆಯಿಂದ ಹದಿನಾರು ವರ್ಷ ಒಂದೇ ಶೆಡ್ಡಿಗೆ ನಡೆದು ಹೋದವಳು. ಪವರ್ ಪ್ರೆಸ್ಸಿನ ಮುಂದೆ ಕೂತು ತಗಡಿನ ಪಟ್ಟಿ ಮುಂದಕ್ಕೆ ತಳ್ಳುವುದು, ಪ್ರೆಸ್ಸು ಬೀಳುವುದು, ಒಂದು ಬಿಲ್ಲೆ ಉದುರುವುದು. ಅಂಥ ಪ್ರೆಸ್ಸು ಆ ಶೆಡ್ಡಿನಲ್ಲಿ ಒಂಬತ್ತಿದ್ದವು. ಮೊದಲು ಅವಳಿಗೆ ತನ್ನ ಬಳೆಗಳ ಸದ್ದು ಹೋಯಿತು. ಆಮೇಲೆ ಹಾಲಿನವನ ಬೆಲ್ಲು. ಕೊನೆಗೆ ಪಕ್ಕದಲ್ಲೇ ನಿಂತು ಮಗಳು ಕರೆದರೂ ಕೇಳದಾಯಿತು. ಎದುರಿಗಿದ್ದವರ ತುಟಿ ನೋಡಿ ಮಾತು ತಿಳಿಯುವುದನ್ನು ತಾನೇ ಕಲಿತಳು.

ಯಾರಾದರೂ ಅಯ್ಯೋ ಪಾಪ ಎಂದರೆ ಅವಳಿಗೆ ಆಗುತ್ತಿರಲಿಲ್ಲ. ಎರಡೂ ಕೈ ಮುಂದೆ ಚಾಚಿ ಹತ್ತು ಬೆರಳೂ ಬಿಡಿಸಿ ತೋರಿಸುತ್ತಿದ್ದಳು. "ನೋಡ್ರಮ್ಮಾ, ಅತ್ತೂ ಅವೆ. ಆ ಶೆಡ್ಡಿಂದ ಅತ್ತು ಬೆಳ್ಳೂ ಈಚೆ ತಂದೋಳು ನಾನೊಬ್ಳೇ."

ಶೆಡ್ಡು ಮುಚ್ಚಿದ ಮೇಲೆ ಅವಳು ಸಿಂಗಸಂದ್ರದಲ್ಲಿದ್ದ ಮಗಳ ಮನೆಗೆ ಬಂದಳು. ಎರಡು ಸಾವಿರದ ಆರರಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಆಚೆಯ ಈ ಕಂಪನಿಗೆ ಸೇರಿದಳು. ಮೂರನೇ ಮಹಡಿಯಲ್ಲಿ ಐದು ಕೋಣೆಯ ಸಣ್ಣ ಕಂಪನಿ ಅದು. ಅಲ್ಲಿ ತಯಾರಾಗುತ್ತಿದ್ದುದು ಪ್ರತಿಕಾಯ. ಆಂಟಿಬಾಡಿ ಎಂದೇ ಎಲ್ಲರೂ ಅನ್ನುತ್ತಿದ್ದರು. ಅದು ಕಾಯಿಲೆಗೆ ಕೊಡುವ ಔಷಧವಲ್ಲ, ಸಂಶೋಧನೆ ಮಾಡುವವರು ಕೊಂಡುಕೊಳ್ಳುವ ವಸ್ತು.

ಅದೇನೆಂದು ನಮಗೆ ಬಿಡಿಸಿ ಹೇಳಿದವಳು ಶಾಂಭವಿ ಮೇಡಂ. ಮೂವತ್ತು ದಾಟದ ಹುಡುಗಿ, ಬಹಳ ಓದಿದವಳು. ಒಂದು ದಿನ ಊಟದ ಹೊತ್ತಿನಲ್ಲಿ ಮುನಿಯಕ್ಕನ ಎದುರಿಗೇ ಕೂತು, ತುಟಿ ಕಾಣುವಂತೆ ನಿಧಾನವಾಗಿ ಹೇಳಿದಳು.

"ನಮ್ಮ ಮೈಯೊಳಗೆ ರೋಗದ ಮೇಲೆ ಕಾವಲಿರೋ ಕಣಗಳಿವೆ ಮುನಿಯಕ್ಕ. ಅದ್ರಲ್ಲಿ ಒಂದು ಜಾತೀಗೆ ಬಿ ಕಣ ಅಂತಾರೆ. ಆ ಕಣಗಳಲ್ಲಿ ಮಾತ್ರ ಇರೋ ಒಂದು ಪ್ರೋಟೀನು, ಸಿಡಿ ಎಪ್ಪತ್ತೊಂಬತ್ತು ಅಂತ ಅದರ ಹೆಸರು. ನಾನು ಮಾಡ್ತಿರೋ ಆಂಟಿಬಾಡಿ ಅದನ್ನ ಹುಡುಕ್ಕೊಂಡು ಹೋಗಿ ಅದಕ್ಕೇ ಅಂಟ್ಕೊಳ್ಳುತ್ತೆ, ಬೇರೆ ಯಾವುದಕ್ಕೂ ಅಂಟಲ್ಲ. ಅಂಟಿದ ಜಾಗ ಕಂದು ಬಣ್ಣ ಬರೋ ಹಾಗೆ ಮಾಡ್ತೀವಿ. ಕಂದು ಕಂಡ್ರೆ ಅಲ್ಲಿ ಬಿ ಕಣ ಇದೆ ಅಂತ."

ಮುನಿಯಕ್ಕ ಒಂದು ತುತ್ತು ಅಗಿದು ನುಂಗುವಷ್ಟು ಹೊತ್ತು ಯೋಚಿಸಿದಳು. "ಡೈಯೊಳಕ್ಕೆ ಪಂಚ್ ಕೂತಂಗೆ ಅನ್ರಿ. ಒಂದು ಡೈಗೆ ಅದರದ್ದೇ ಪಂಚು. ಬೇರೇದು ಇಟ್ರೆ ಕೂರಾಕಿಲ್ಲ."

ಪ್ರೆಸ್ಸಿನಲ್ಲಿ ಕೆಳಗಿನ ಅಚ್ಚು ಡೈ, ಮೇಲಿನಿಂದ ಬೀಳುವುದು ಪಂಚ್. ಶಾಂಭವಿ ಅದನ್ನು ಕೇಳಿ ತಿಳಿದುಕೊಂಡು, ಊಟದ ನಡುವೆಯೇ ಎಡಗೈಯಲ್ಲಿ ತೊಡೆ ತಟ್ಟಿಕೊಂಡು ನಕ್ಕಳು. ಅಂದಿನಿಂದ ಅವರಿಬ್ಬರಿಗೆ ಸ್ನೇಹ.

ಆ ಎಪ್ಪತ್ತೊಂಬತ್ತರ ಮೇಲೆ ಶಾಂಭವಿ ಎರಡು ವರ್ಷ ದುಡಿದಿದ್ದಳು. ಅದು ಸರಿಯಾಗಿದೆಯೇ ಎಂದು ಪರೀಕ್ಷೆ ಮಾಡುವುದು ಟಾನ್ಸಿಲ್ ಗಂಟಿನ ಮೇಲೆ. ಆಸ್ಪತ್ರೆಯಲ್ಲಿ ತೆಗೆದ ಗಂಟನ್ನು ಮೇಣದಲ್ಲಿಟ್ಟು, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು, ಗಾಜಿನ ಸ್ಲೈಡಿನ ಮೇಲೆ ಕೂರಿಸುತ್ತಾರೆ. ಕೆಡದಂತೆ ಮೊದಲೇ ಮದ್ದು ಹಾಕಿರುವುದರಿಂದ ಒಳಗಿನ ಪ್ರೋಟೀನು ಬಿಗಿದುಕೊಂಡಿರುತ್ತದೆ. ಆಂಟಿಬಾಡಿ ಹತ್ತಿರ ಹೋದರೂ ಅಂಟುವುದಕ್ಕೆ ಜಾಗ ಸಿಗುವುದಿಲ್ಲ. ಅದನ್ನು ಸಡಿಲ ಮಾಡಲು ಸ್ಲೈಡುಗಳನ್ನು ಬೇಯಿಸಬೇಕು. ಬೇಯಿಸುವುದು ಮನೆಯ ಕುಕ್ಕರಿನಲ್ಲಿಯೇ. ಅಲ್ಲಿದ್ದದ್ದು ಐದು ಲೀಟರಿನದು, ಹಿಡಿಯ ಒಂದು ಸ್ಕ್ರೂ ಸಡಿಲವಿತ್ತು.

ಬೇಯಿಸುವವನು ಸೀನ. ಸ್ಲೈಡಿನ ಕೆಲಸವೆಲ್ಲ ಅವನದು, ಏಳು ವರ್ಷದ ಅನುಭವ, ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಒಲೆಯ ಮೇಲೆ ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಹೇಗೆ ಮಾಡಬೇಕೆಂದು ಬರೆದಿತ್ತು. ಬೇಯಿಸುವ ಕಡೆ ಇದ್ದದ್ದು ಎರಡೇ ಮಾತು: ಮೂರು ವಿಶಲ್.

ಎರಡು ಸಾವಿರದ ಹನ್ನೊಂದರ ಶ್ರಾವಣದಲ್ಲಿ, ಮಹಡಿಯ ಮೇಲೆ ಸಿಲಿಂಡರ್ ಇಡಬಾರದು ಎಂದು ಕಟ್ಟಡದವರು ಹೇಳಿ ಗ್ಯಾಸ್ ಒಲೆ ತೆಗೆಸಿದರು. ಅದರ ಜಾಗಕ್ಕೆ ಇಂಡಕ್ಷನ್ ಒಲೆ ಬಂತು. ಸೀನನಿಗೆ ಸಂತೋಷವೋ ಸಂತೋಷ. "ಸಕ್ಕತ್ತಾಗಿದೆ ಕಣ್ರೀ, ಇಟ್ಟೇಟಿಗೆ ವಿಶಲ್ ಹೊಡೀತದೆ" ಎನ್ನುತ್ತಿದ್ದ.

ಅದೇ ತಿಂಗಳು ಶಾಂಭವಿಯ ಎಪ್ಪತ್ತೊಂಬತ್ತರ ಸ್ಲೈಡುಗಳು ಕೆಟ್ಟವು. ಕಡು ಕಂದು ಬರಬೇಕಾದ ಜಾಗ ನೀರು ಬೆರೆಸಿದ ಟೀಯ ಹಾಗೆ ಬಂತು. ಮತ್ತೆ ಮಾಡಿದರು, ಮತ್ತೆ ಹಾಗೇ. ಮೂರನೆಯ ಸಲವೂ ಹಾಗೇ. ಹೋಲಿಸಿ ನೋಡಲು ಹೊರದೇಶದಿಂದ ತರಿಸಿದ ಸಿಡಿ ಇಪ್ಪತ್ತು ಎಂಬ ಇನ್ನೊಂದು ಆಂಟಿಬಾಡಿಯನ್ನೂ ಪ್ರತಿ ಸಲ ಅದೇ ಕುಕ್ಕರಿನಲ್ಲಿ ಬೆಂದ ಸ್ಲೈಡುಗಳಿಗೆ ಹಾಕುತ್ತಿದ್ದರು. ಅದು ಮಾತ್ರ ಎಂದಿನಂತೆ ಕಂದಾಗುತ್ತಿತ್ತು. ಹೀಗಾಗಿ ಬೇಯಿಸುವುದರ ಮೇಲೆ ಯಾರಿಗೂ ಅನುಮಾನ ಬರಲಿಲ್ಲ.

ಕಂಪನಿಯ ಯಜಮಾನ ಋಷಿಕೇಶ್ ಸಾರ್ ಬುಧವಾರ ತೊಳೆಯುವ ಕೋಣೆಗೇ ಬಂದರು. ಕೆಟ್ಟ ಮನುಷ್ಯರಲ್ಲ, ಆದರೆ ಅವಸರದವರು. ಬಾಗಿಲಲ್ಲೇ ನಿಂತು ಶಾಂಭವಿಗೆ ಹೇಳಿದರು: "ಇಪ್ಪತ್ತು ಗಟ್ಟಿ ಮಾಲು, ಏನಾದ್ರೂ ತಡ್ಕೊಳ್ಳುತ್ತೆ. ನಮ್ಮದು ನಾಜೂಕು. ಗಾಜಲ್ಲಿ ಸೋಪು ಉಳೀತಿದೆ, ಅಷ್ಟೇ. ಈಯಮ್ಮಂಗೆ ಕಿವೀನೂ ಕೇಳಲ್ಲ, ಹೇಳಿದ್ದು ಅರ್ಥ ಆಗುತ್ತೋ ಇಲ್ವೋ. ಶನಿವಾರದ ಸ್ಲೈಡೂ ಹೀಗೇ ಬಂದ್ರೆ ತೊಳೆಯೋ ಕೆಲಸ ಏಜೆನ್ಸಿಗೆ ಕೊಟ್ಬಿಡ್ತೀನಿ."

ಕೇಳುವುದಿಲ್ಲ ಎಂದುಕೊಂಡು ಅವಳ ಎದುರಿಗೇ ಹೇಳಿದರು. ಮುನಿಯಕ್ಕ ಅವರ ತುಟಿಯನ್ನೇ ನೋಡುತ್ತಿದ್ದಳು. ಒಂದು ಮಾತೂ ಬಿಟ್ಟಿರಲಿಲ್ಲ.

ಮುನಿಯಕ್ಕ ಗಾಜು ತೊಳೆಯುವ ರೀತಿ ಹೀಗೆ. ಸೋಪು ಹಚ್ಚಿ ಉಜ್ಜಿದ ಮೇಲೆ ಮೂರು ನಲ್ಲಿಯ ನೀರು, ನಾಲ್ಕು ಬಟ್ಟಿ ಇಳಿಸಿದ ನೀರು, ಒಟ್ಟು ಏಳು. ಎಣಿಕೆ ತಪ್ಪದಿರಲು ಅವಳ ಏಪ್ರನ್ನಿನ ಎಡ ಜೇಬಿನಲ್ಲಿ ಏಳು ಹುಣಸೆಬೀಜ ಇರುತ್ತಿದ್ದವು. ಒಂದು ನೀರಿಗೆ ಒಂದು ಬೀಜ ಬಲ ಜೇಬಿಗೆ ಹೋಗುತ್ತಿತ್ತು. ಏಳೂ ಬಂದ ಮೇಲೆಯೇ ಗಾಜು ಒಣಗಲು ಹೋಗುವುದು. ಐದು ವರ್ಷದಲ್ಲಿ ನಾನು ಒಂದು ದಿನವೂ ಇದು ತಪ್ಪಿದ್ದು ಕಂಡಿಲ್ಲ.

ಋಷಿಕೇಶ್ ಸಾರ್ ಹೋದ ಮೇಲೆ ಅವಳು ಆ ಬೀಜಗಳನ್ನು ಅಂಗೈಯಲ್ಲಿಟ್ಟು ನನಗೆ ತೋರಿಸಿದಳು. "ಕಿವಿ ಇಲ್ಲ ಅಂದ್ರು, ಓಗ್ಲಿ, ಅದು ದಿಟ. ತೊಳ್ದಿಲ್ಲ ಅಂದ್ರಲ್ಲ ಅನ್ಸೂಯಮ್ಮ, ಅದ್ನ ಒಪ್ಕೊಳ್ಳಾಕಿಲ್ಲ ನಾನು."

ಗುರುವಾರ ಅವಳು ಎಂದಿನಂತೆ ತೊಳೆಯುತ್ತಿದ್ದಳು. ತೊಳೆಯುವ ಕೋಣೆಯ ಕಿಟಕಿಯಿಂದ ಒಲೆ ಕಾಣುತ್ತದೆ. ಹಬೆ ಕಂಡರೆ ಗಡಿಯಾರ ನೋಡುವುದು ಅವಳ ಅಭ್ಯಾಸ, ಅದು ಯಾರ ಕುಕ್ಕರ್ ಆದರೂ ಸರಿ. ಹೊಸ ಒಲೆ ಬಂದ ಮೇಲೆ ಅವಳು ಕಿಟಕಿಯಲ್ಲಿದ್ದಾಗ ಕುಕ್ಕರ್ ಏರಿದ್ದು ಅಂದೇ ಮೊದಲು. ಹಬೆ ಎದ್ದಿತು, ಗಡಿಯಾರ ನೋಡಿದಳು. ಸೀನ ಬಟ್ಟೆ ಹಿಡಿದು ಕುಕ್ಕರ್ ಇಳಿಸಿದ, ಮತ್ತೆ ನೋಡಿದಳು. ಅವಳ ಕೈ ನಿಂತುಬಿಟ್ಟಿತು. ಬೀಜ ಜೇಬಿಗೆ ಹಾಕುವುದನ್ನೂ ಮರೆತು, ಎಣಿಕೆ ತಪ್ಪಿತೆಂದು ಆ ಗಾಜನ್ನು ಮೊದಲಿನಿಂದ ತೊಳೆದಳು. ಆಮೇಲೆ ನನ್ನ ಹತ್ತಿರ ಬಂದಳು.

"ಗ್ಯಾಸ್ ಇದ್ದಾಗ ಅಬೆ ಎದ್ದ ಮ್ಯಾಲೆ ಅನ್ನೊಂದು ನಿಮಿಷಕ್ಕೆ ಇಳಿಸ್ತಿದ್ದ. ಐದು ವರ್ಷ ನೋಡಿವ್ನಿ. ಇವತ್ತು ನಾಕು ನಿಮಿಷ!"

ಅಂದು ಸಂಜೆ ಅವಳು ಮಗಳ ಅಡುಗೆಮನೆಯಲ್ಲಿ ಒಂದು ಪರೀಕ್ಷೆ ಮಾಡಿದಳು. ನಾನೂ ಹೋಗಿದ್ದೆ. ಒಂದು ಬಟ್ಟಲಲ್ಲಿ ತೊಗರಿಬೇಳೆ, ಇನ್ನೊಂದರಲ್ಲಿ ನೆನೆಸದ ಹುರಳಿ, ಎರಡನ್ನೂ ಒಂದೇ ಕುಕ್ಕರಿನಲ್ಲಿಟ್ಟು ಉರಿ ಪೂರ್ತಿ ದೊಡ್ಡದು ಮಾಡಿದಳು. ವಿಶಲ್ ಎಣಿಸಲು ಮಗಳು ಶೈಲಾ, ಗಡಿಯಾರಕ್ಕೆ ಇವಳು. ಮೂರನೆಯ ವಿಶಲಿಗೆ ಶೈಲಾ ಮೂರು ಬೆರಳು ಎತ್ತಿ ತೋರಿಸಿದಳು. ಹಬೆ ಎದ್ದ ಮೇಲೆ ಆಗಿದ್ದದ್ದು ನಾಲ್ಕೂವರೆ ನಿಮಿಷ. ಮುಚ್ಚಳ ತೆಗೆದರೆ ತೊಗರಿಬೇಳೆ ಹಿಸುಕಿದರೆ ಹಿಟ್ಟು. ಹುರಳಿ ಹಲ್ಲಿಗೆ ಕಲ್ಲು.

ಮುನಿಯಕ್ಕ ಎರಡನ್ನೂ ಡಬ್ಬಿಗೆ ಹಾಕಿಟ್ಟಳು.

"ಅದ್ಯಾಕಮ್ಮ ಕಟ್ಕೊಂಡು ಹೋಗ್ತೀಯಾ? ನಾಯೀನೂ ತಿನ್ನಲ್ಲ ಅದನ್ನ" ಎಂದಳು ಮಗಳು.

"ನಾಯಿಗಲ್ಲ ಕಣೇ. ಸಾಹೇಬ್ರಿಗೆ."

ಶುಕ್ರವಾರ ಬೆಳಿಗ್ಗೆ ಅವಳು ಆ ಡಬ್ಬಿಯನ್ನು ಶಾಂಭವಿಯ ಮೇಜಿನ ಮೇಲೆ ತೆರೆದಿಟ್ಟಳು. ಸೀನನೂ ಅಲ್ಲೇ ಇದ್ದ.

"ಒಂದೇ ಕುಕ್ಕರು, ಒಂದೇ ಮೂರು ವಿಶಲ್ಲು. ನಿಮ್ಮ ಇಪ್ಪತ್ತು ತೊಗರಿಬ್ಯಾಳೆ. ನಿಮ್ಮ ಎಪ್ಪತ್ತೊಂಬತ್ತು ಉಳ್ಳಿ. ಒಸಾ ಒಲೆ ಬಂದ ಮ್ಯಾಲೆ ಇವನು ಅನ್ನೊಂದು ನಿಮಿಷದ್ದ ನಾಕಕ್ಕೇ ಇಳಿಸ್ತಾವ್ನೆ."

ಸೀನ ನಕ್ಕುಬಿಟ್ಟ. "ಅಲ್ಲಾ ಮುನಿಯಕ್ಕ, ವಿಶಲ್ಲೇ ಕೇಳದೋರು ನನಗೆ ಕುಕ್ಕರ್ ಪಾಠ ಹೇಳ್ತೀರಲ್ಲ! ನಮ್ಮಮ್ಮನ ಕಾಲದಿಂದ ಎಲ್ರೂ ಎಣಿಸೋದು ವಿಶಲ್ಲೇ ಕಣ್ರೀ."

"ಎಣಿಸ್ರಪ್ಪ, ಕಿವಿ ಇರೋರು ಎಣಿಸ್ರಿ. ನಂಗೆ ಕೇಳಾಕಿಲ್ಲ, ಅದಕ್ಕೇ ನಾನು ಹೊತ್ತು ನೋಡೋದು. ಒಲೆ ಜೋರಾದ್ರೆ ವಿಶಲ್ ಬಿರ್ರನೆ ಹೊಡೀತದೆ. ಗಡಿಯಾರ ಬಿರ್ರನೆ ಓಡ್ತದಾ?"

ಶಾಂಭವಿ ನಗಲಿಲ್ಲ. ಒಂದು ಹುರಳಿಕಾಳು ತೆಗೆದು ಹಲ್ಲಿನಲ್ಲಿ ಕಚ್ಚಿದಳು. ಕಾಳು ಕಟಕ್ಕೆಂದಿತು. ಅದನ್ನು ಅಂಗೈಗೆ ಉಗುಳಿಕೊಂಡು ಎದ್ದು ಹೋಗಿ ಗೋಡೆಯ ಮೇಲಿನ ಹಾಳೆ ನೋಡಿದಳು. ಮೂರು ವಿಶಲ್. ನಿಮಿಷದ ಮಾತೇ ಇಲ್ಲ. "ಅಯ್ಯೋ ದೇವರೇ" ಎಂದಳು. ಅವಳ ತುಟಿ ನೋಡಿ ಮುನಿಯಕ್ಕ ಏಪ್ರನ್ನು ಬಿಗಿಯಾಗಿ ಕಟ್ಟಿಕೊಂಡಳು.

ಶನಿವಾರದ ಪರೀಕ್ಷೆಯನ್ನು ಶಾಂಭವಿ ಎರಡು ಪಾಲು ಮಾಡಿದಳು. ಗಂಟು ಒಂದೇ, ಆಂಟಿಬಾಡಿ ಒಂದೇ, ಗಾಜೆಲ್ಲ ಮುನಿಯಕ್ಕ ತೊಳೆದದ್ದು. ಮೊದಲ ಆರು ಸ್ಲೈಡು ಸೀನನ ಮೂರು ವಿಶಲಿಗೆ. ಇನ್ನಾರು ಮುನಿಯಕ್ಕನ ಗಡಿಯಾರಕ್ಕೆ. ಋಷಿಕೇಶ್ ಸಾರ್ ಕೈ ಕಟ್ಟಿಕೊಂಡು ನಿಂತರು.

ಸೀನನ ಸರದಿ ಬೇಗ ಮುಗಿಯಿತು. ಮುನಿಯಕ್ಕ ಹಬೆ ಎದ್ದ ಕೂಡಲೇ ಒಲೆಯ ಗುಂಡಿ ಒತ್ತಿಸಿ ಶಾಖ ಕಡಿಮೆ ಮಾಡಿಸಿದಳು, ಸ್ಟೂಲು ಎಳೆದುಕೊಂಡು ಗಡಿಯಾರದ ಎದುರು ಕೂತಳು. ಏಳನೆಯ ನಿಮಿಷಕ್ಕೆ ಋಷಿಕೇಶ್ ಸಾರ್, "ಸಾಕಲ್ವಾ?" ಎಂದರು. ಅವರು ಹಿಂದೆ ನಿಂತಿದ್ದರು. ಅವಳಿಗೆ ತುಟಿ ಕಾಣಲಿಲ್ಲ, ಮಾತು ತಿಳಿಯಲಿಲ್ಲ. ತಿಳಿದಿದ್ದರೂ ಏಳುತ್ತಿರಲಿಲ್ಲ ಎಂದು ಆಮೇಲೆ ನನಗೆ ಹೇಳಿದಳು. ಹನ್ನೊಂದು ಆದ ಮೇಲೆಯೇ ಕೈ ಎತ್ತಿದ್ದು.

ಮುಂದಿನ ಕೆಲಸಕ್ಕೆ ಮಧ್ಯಾಹ್ನ ಮೂರರವರೆಗೆ ಹಿಡಿಯಿತು. ನಾನು ಅಂಟಿಸಿದ ಚೀಟಿಗಳಲ್ಲಿ ಅಂದು ನಾಲ್ಕು ಸೊಟ್ಟಗಾದವು, ಕಿತ್ತು ಮತ್ತೆ ಅಂಟಿಸಿದೆ.

ಮೂರು ಗಂಟೆಗೆ ಶಾಂಭವಿ ಸೂಕ್ಷ್ಮದರ್ಶಕದ ಮುಂದೆ ಕೂತಳು. ಅದರಲ್ಲಿ ಕಾಣುವುದು ಪಕ್ಕದ ಕಂಪ್ಯೂಟರಿನ ಮೇಲೂ ಕಾಣುತ್ತಿತ್ತು. ಮೊದಲು ಸೀನನ ಸ್ಲೈಡು. ಅದೇ ನೀರು ಟೀ. ಆಮೇಲೆ ಮುನಿಯಕ್ಕನ ಸ್ಲೈಡು ಇಟ್ಟಳು.

ತಿಳಿ ನೀಲಿಯ ನಡುವೆ ದುಂಡು ದುಂಡಾಗಿ ಕಂದು ಬಣ್ಣ ತುಂಬಿಕೊಂಡಿತ್ತು. ಸುಟ್ಟ ಬೆಲ್ಲದಂಥ ಕಂದು. ಒಂದೊಂದು ಕಣದ ಅಂಚೂ ಬೇರೆ ಬೇರೆ ಕಾಣುತ್ತಿತ್ತು. ಸುತ್ತಲಿನ ಜಾಗ ಎಲ್ಲೂ ಕೊಳೆಯಾಗಿರಲಿಲ್ಲ. ಎರಡನೆಯದೂ ಹಾಗೇ. ಆರನೆಯದೂ ಹಾಗೇ.

ಶಾಂಭವಿ ಕುರ್ಚಿಯಿಂದ ಎದ್ದು ಬಂದು ಮುನಿಯಕ್ಕನನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಳು. ಏನೇನೋ ಹೇಳುತ್ತಿದ್ದಳು. ತಬ್ಬಿಕೊಂಡಿದ್ದರಿಂದ ತುಟಿ ಕಾಣದೆ ಮುನಿಯಕ್ಕ ನನ್ನ ಕಡೆ ನೋಡಿದಳು. ನಾನು ಸನ್ನೆ ಮಾಡಿದೆ: ಗೆದ್ದೆ.

ಅವಳು ಋಷಿಕೇಶ್ ಸಾರ್ ಕಡೆ ತಿರುಗಿದಳು. "ಸಾರ್, ಗಾಜು ತೊಳ್ದಿತ್ತಾ?"

"ತೊಳೆದಿತ್ತು ಮುನಿಯಕ್ಕ" ಎಂದರು ಅವರು. ಅವಳು ಅಲುಗಾಡದೆ ನಿಂತೇ ಇದ್ದಳು. ಆಗ ಅವರು ಒಂದು ಹೆಜ್ಜೆ ಮುಂದೆ ಬಂದು, ಅವಳಿಗೆ ಚೆನ್ನಾಗಿ ಕಾಣುವಂತೆ ಇನ್ನೊಮ್ಮೆ ಹೇಳಿದರು. "ಚೆನ್ನಾಗಿ ತೊಳೆದಿತ್ತು. ತಪ್ಪು ನಂದು."

ಸೀನ ಕೆನ್ನೆ ಕೆನ್ನೆ ಬಡಿದುಕೊಂಡು ಅವಳಿಗೆ ಕೈ ಮುಗಿದ. "ಗುರುವೇ! ಇವತ್ತಿಂದ ನಮ್ಮನೇಲೂ ಗಡಿಯಾರ."

"ನಿನ್ನ ಎಂಡ್ರಿಗೆ ಯೋಳು ಮೊದ್ಲು" ಎಂದಳು ಮುನಿಯಕ್ಕ. ಎಲ್ಲರೂ ನಕ್ಕರು, ಸೀನ ಎಲ್ಲರಿಗಿಂತ ಜೋರಾಗಿ.

ಹಳೆಯ ಹಾಳೆ ಕಿತ್ತು ಹೊಸದು ಅಂಟಿಸಿದರು. ಹಬೆ ಎದ್ದ ಮೇಲೆ ಹನ್ನೊಂದು ನಿಮಿಷ, ಸಣ್ಣ ಶಾಖ, ವಿಶಲ್ ಎಣಿಸಬಾರದು. ಕೆಳಗೆ ಹೇಳಿದವರು ಯಾರು ಎಂಬ ಜಾಗದಲ್ಲಿ ಮುನಿಯಕ್ಕ ಎಂದು ಶಾಂಭವಿ ಬರೆದಳು. ಮುನಿಯಕ್ಕನಿಗೆ ಓದಲು ಬಾರದು. ಬೆರಳಿಟ್ಟು ಒಂದೊಂದೇ ಅಕ್ಷರ ಅವಳಿಗೆ ತೋರಿಸಿದೆ. ದೀಪಾವಳಿಗೆ ಮುಂಚೆ ಎಪ್ಪತ್ತೊಂಬತ್ತರ ಮೊದಲ ಪೆಟ್ಟಿಗೆ ಹೊರಟಿತು. ಅದರೊಳಗಿನ ಇಪ್ಪತ್ತನಾಲ್ಕು ಶೀಶೆಗೂ ಚೀಟಿ ಅಂಟಿಸಿದವಳು ನಾನು. ಒಂದೂ ಸೊಟ್ಟಗಿರಲಿಲ್ಲ.

ಒಲೆಯ ಹತ್ತಿರಕ್ಕೆಂದು ಹೊಸ ಗಡಿಯಾರ ತರುವಾಗ ಋಷಿಕೇಶ್ ಸಾರ್ ಅವಳನ್ನೇ ಕರೆದು, ಹೊತ್ತಾದಾಗ ಗಂಟೆ ಬಾರಿಸುವಂಥದು ತರಲೇ ಎಂದು ಕೇಳಿದರು.

"ಬಾರಿಸೋದು ಬ್ಯಾಡಿ ಸಾರ್" ಎಂದಳು ಮುನಿಯಕ್ಕ. "ಬಾರಿಸ್ತದೆ ಅಂತ ಈ ಸೀನ ಎದ್ದು ಟೀಗೆ ಓಯ್ತಾನೆ. ಮುಳ್ಳು ದೊಡ್ಡದಿರ್ಲಿ. ಕೂತ್ಕೊಂಡು ನೋಡ್ಲಿ."

ಹಾಗೇ ತಂದರು. ಈಗಲೂ ಅಲ್ಲಿ ಕುಕ್ಕರ್ ಏರಿದರೆ ಸೀನ ಸ್ಟೂಲಿನ ಮೇಲೆ ಕೂತು ಮುಳ್ಳು ನೋಡುತ್ತಾನೆ, ಕಿಟಕಿಯ ಆಚೆಯಿಂದ ಮುನಿಯಕ್ಕ ಅವನನ್ನು ನೋಡುತ್ತಾಳೆ.